ಎರಡನೇ ಸಲ ಬರೆದ ವಿಜ್ಞಾನ: ಗಡಿಯಾಚೆಯ ಕನ್ನಡ ವಿದ್ಯಾರ್ಥಿ, ಮರುಪರೀಕ್ಷೆ ಮತ್ತು ಪರಿಭಾಷೆ

ಧ್ವನಿ ಕೇಳ್ತಾ ಇದೆ ಅಂತ ಚಾಟ್‌ನಲ್ಲಿ ಹಾಕಿದ್ದೀರಿ, ಹಾಗಾಗಿ ಶುರು ಮಾಡುತ್ತೇನೆ.

ಈ ವಿಚಾರಗೋಷ್ಠಿಯಲ್ಲಿ ಗಡಿಯಾಚೆಯ ಕನ್ನಡದ ಕಾವ್ಯ, ಯಕ್ಷಗಾನ, ಜನಪದ ಇವುಗಳ ಬಗ್ಗೆ ಕೇಳಿದೆವು. ನಾನು ಮಾತಾಡಲು ಆರಿಸಿಕೊಂಡಿರುವುದು ಸ್ವಲ್ಪ ಬೇರೆ ವಿಷಯ: ಫೇಲಾದ ವಿಜ್ಞಾನವನ್ನು ಕಾಲೇಜಿಗೆ ಹೋದ ಮೇಲೆ ಮತ್ತೆ ಬರೆಯುವುದು. ಸಾಹಿತ್ಯ ವಿಭಾಗದಲ್ಲಿ ಇದೆಂತ ವಿಷಯ ಅಂತ ಅನಿಸಬಹುದು. ಗಡಿಯಲ್ಲಿ ಕನ್ನಡ ಮಾಧ್ಯಮ ಉಳಿಯುತ್ತದೋ ಇಲ್ಲವೋ ಎಂಬುದು ಹಲವು ಮನೆಗಳಲ್ಲಿ ವಿಜ್ಞಾನದ ಅಂಕಪಟ್ಟಿ ಬಂದ ದಿನ ತೀರ್ಮಾನವಾಗುತ್ತದೆ ಎಂಬುದು ನನ್ನ ಅನುಭವ. ಅದಕ್ಕೆ ಇದನ್ನು ಇಲ್ಲಿ ಹೇಳಬೇಕು ಅನಿಸಿತು.

1. ನನ್ನ 14 ಅಂಕ

ನಾನು ಮಂಜೇಶ್ವರ ತಾಲೂಕಿನವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಫಿಸಿಕ್ಸ್‌ಗೆ 'ಎ' ಗ್ರೇಡ್ ಬಂದಿತ್ತು, ಆ ಧೈರ್ಯದಲ್ಲಿ ಪ್ಲಸ್ ವನ್‌ಗೆ ಸಯನ್ಸ್ ತೆಗೆದುಕೊಂಡೆ. ಪುಸ್ತಕ ಇಂಗ್ಲಿಷ್, ತರಗತಿಯ ವಿವರಣೆ ಮಲೆಯಾಳ, ನಾನು ಯೋಚನೆ ಮಾಡುವುದು ಕನ್ನಡದಲ್ಲಿ. ವರ್ಷದ ಕೊನೆಗೆ ಫಿಸಿಕ್ಸ್ ಲಿಖಿತ ಪರೀಕ್ಷೆಯಲ್ಲಿ 60ಕ್ಕೆ 14 ಬಂತು. ಶೇಕಡಾ 30 ಅಂದರೆ 18 ಬೇಕು.

ಮನೆಯಲ್ಲಿ ಯಾರೂ ಬೈಯಲಿಲ್ಲ. ಅಮ್ಮ ಮಾತ್ರ, "ನಿನ್ನನ್ನು ಕನ್ನಡ ಮೀಡಿಯಂಗೆ ಹಾಕಿದ್ದೇ ತಪ್ಪಾಯ್ತಾ ಎಂತ" ಅಂತ ಒಮ್ಮೆ ಹೇಳಿದರು. ಮುಂದಿನ ಜೂನ್‌ನಲ್ಲಿ ನನ್ನ ತಮ್ಮನನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು. ನಮ್ಮ ಮನೆಯಲ್ಲಿ ಕನ್ನಡ ಮಾಧ್ಯಮ ನಿಂತದ್ದು ಹೀಗೆ, ನನ್ನ 14 ಅಂಕದಿಂದ. ಯಾವ ಕಾನೂನಿನಿಂದಲೂ ಅಲ್ಲ, ಯಾರ ಒತ್ತಾಯದಿಂದಲೂ ಅಲ್ಲ.

ಆದ್ದರಿಂದ ನನ್ನ ಪ್ರಶ್ನೆ ಇದು: ಆ 14 ಅಂಕ ನಿಜವಾಗಿ ಏನನ್ನು ಅಳೆಯಿತು? ನನಗೆ ವಿಜ್ಞಾನ ಗೊತ್ತಿರಲಿಲ್ಲವೇ, ಅಥವಾ ವಿಜ್ಞಾನದ ಹೆಸರುಗಳು ಗೊತ್ತಿರಲಿಲ್ಲವೇ? ಮರುಪರೀಕ್ಷೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

2. ಮರುಪರೀಕ್ಷೆಗೆ ಎಷ್ಟು ಹೆಸರು

ಮೊದಲು ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. ಪ್ರತಿ ರಾಜ್ಯದಲ್ಲಿಯೂ ಇದಕ್ಕೆ ಬೇರೆ ಬೇರೆ ಹೆಸರು ಉಂಟು, ಹೆಸರಿನಲ್ಲೇ ಒಂದು ಧೋರಣೆಯೂ ಉಂಟು.

ಕೇರಳದಲ್ಲಿ ಹತ್ತನೆಯ ಮರುಪರೀಕ್ಷೆಯನ್ನು 'ಸೇ' ಅನ್ನುತ್ತಾರೆ. 'ಸೇವ್ ಎ ಇಯರ್', ಅಂದರೆ ಒಂದು ವರ್ಷ ಉಳಿಸಿಕೊಳ್ಳಿ. ಮೇ ತಿಂಗಳಲ್ಲಿ ಫಲಿತಾಂಶ ಬಂದು ಕೆಲವೇ ವಾರಗಳಲ್ಲಿ ಈ ಪರೀಕ್ಷೆ ಆಗುತ್ತದೆ. ಪಾಸಾದರೆ ಅದೇ ವರ್ಷ ಮುಂದೆ ಹೋಗಬಹುದು. ಪ್ಲಸ್ ವನ್‌ನಲ್ಲಿ ಕಡಿಮೆ ಬಂದವರಿಗೆ 'ಇಂಪ್ರೂವ್‌ಮೆಂಟ್' ಇದೆ. ಮೂರು ವಿಷಯದವರೆಗೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಹಿಡಿಯುತ್ತಾರೆ. ನಾನು ಬರೆದದ್ದು ಇದು, ಎರಡನೇ ವರ್ಷದ ಪಾಠ ನಡೆಯುತ್ತಿರುವಾಗಲೇ.

ಮಹಾರಾಷ್ಟ್ರದಲ್ಲಿ 'ಎಟಿಕೆಟಿ'. 'ಅಲೌಡ್ ಟು ಕೀಪ್ ಟರ್ಮ್ಸ್' ಎಂಬುದರ ಹ್ರಸ್ವ ರೂಪ. ಹತ್ತನೆಯಲ್ಲಿ ಒಂದೋ ಎರಡೋ ವಿಷಯದಲ್ಲಿ ಬಿದ್ದವರು ಕೂಡ ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೆಗೆ ಸೇರಬಹುದು. ಆದರೆ ಹನ್ನೆರಡಕ್ಕೆ ಹೋಗುವ ಮೊದಲು ಉಳಿದ ವಿಷಯವನ್ನು ಪಾಸು ಮಾಡಬೇಕು. ಕಾಲೇಜಿನಲ್ಲಿ ಕೂತು ಶಾಲೆಯ ವಿಜ್ಞಾನ ಓದುವುದು ಅಂದರೆ ಅಕ್ಷರಶಃ ಇದೇ. ತಮಿಳುನಾಡಿನ ಹುಡುಗರ ಬಾಯಲ್ಲಿ ಇದು 'ಅರಿಯರ್', ಅಂದರೆ ಬಾಕಿ. ಆಂಧ್ರ ತೆಲಂಗಾಣದಲ್ಲಿ 'ಸಪ್ಲಿ'.

ಕರ್ನಾಟಕದಲ್ಲಿ 2024ರಿಂದ 'ಪೂರಕ ಪರೀಕ್ಷೆ' ಎಂಬ ಹೆಸರೇ ಹೋಯಿತು. ಆ ವರ್ಷ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮೂರು ಅವಕಾಶ ಕೊಟ್ಟರು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದಿತ್ತು. ಫೇಲಾದವರು ಬರೆಯುವ ಪರೀಕ್ಷೆ ಎಂಬ ಅಂಜಿಕೆಯನ್ನು ಹೆಸರಿನಿಂದಲೇ ತೆಗೆದುಹಾಕುವ ಪ್ರಯತ್ನ ಇದು. ಒಳ್ಳೆಯದೇ.

ಕೇರಳದಲ್ಲಿ ಇನ್ನೊಂದು ಬದಲಾವಣೆ ಬರುತ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇರೆ ಬೇರೆ ಪತ್ರಿಕೆ. ಪ್ರತಿಯೊಂದಕ್ಕೂ ಲಿಖಿತ 40, ನಿರಂತರ ಮೌಲ್ಯಮಾಪನ 10, ಒಟ್ಟು 50. ಮುಂದಿನ ಓದಿಗೆ 'ಡಿ ಪ್ಲಸ್' ಬೇಕು, ಅಂದರೆ ಶೇಕಡಾ 30, ಅಂದರೆ 15. ನಿರಂತರ ಮೌಲ್ಯಮಾಪನದಲ್ಲಿ ಹತ್ತಕ್ಕೆ ಹತ್ತು ಸಿಕ್ಕಿದವರಿಗೆ ಲಿಖಿತದಲ್ಲಿ 5 ಬಂದರೂ ಸಾಕಾಗುತ್ತಿತ್ತು. ಲಿಖಿತದಲ್ಲಿಯೇ ಪ್ರತ್ಯೇಕವಾಗಿ ಶೇಕಡಾ 30 ಬೇಕು ಎಂಬ ನಿಯಮ ಬಂದರೆ ಅದು 12 ಆಗುತ್ತದೆ. 2024-25ರಲ್ಲಿ ಎಂಟನೆಯ ತರಗತಿಗೆ ಈ ಕನಿಷ್ಠ ಅಂಕದ ಕ್ರಮ ಶುರುವಾಯಿತು. ಕಡಿಮೆ ಬಂದ ಮಕ್ಕಳಿಗೆ ಏಪ್ರಿಲ್‌ನಲ್ಲಿ ಹೆಚ್ಚುವರಿ ಪಾಠ ಮಾಡಿ ಮತ್ತೆ ಪರೀಕ್ಷೆ ಇಟ್ಟರು. ಸರಕಾರ ಘೋಷಿಸಿದ ಪ್ರಕಾರ ಒಂಬತ್ತಕ್ಕೆ 2025-26, ಹತ್ತನೆಗೆ 2026-27. ಅಂದರೆ ಮರುಪರೀಕ್ಷೆ ಇನ್ನು ಮುಂದೆ ಹೆಚ್ಚು ಮಕ್ಕಳ ಅನುಭವವಾಗಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಹೊರತಲ್ಲ.

3. 'ವೇಗ' ಎಂದರೆ ಎಷ್ಟು?

ಈಗ ನಮ್ಮ ವಿಭಾಗಕ್ಕೆ ಸಂಬಂಧಪಟ್ಟ ಭಾಗಕ್ಕೆ ಬರುತ್ತೇನೆ. ಒಂದು ಸಣ್ಣ ಲೆಕ್ಕ. 400 ಮೀಟರ್ ಸುತ್ತಳತೆಯ ಮೈದಾನಕ್ಕೆ ಒಬ್ಬ ಹುಡುಗ 100 ಸೆಕೆಂಡಿನಲ್ಲಿ ಒಂದು ಸುತ್ತು ಬಂದು ಹೊರಟ ಜಾಗಕ್ಕೇ ತಲುಪಿದ. ಅವನ ಸರಾಸರಿ ವೇಗ ಎಷ್ಟು?

ಕರ್ನಾಟಕದ ಪಠ್ಯಪುಸ್ತಕ ಓದಿದವರು 'ಸೊನ್ನೆ' ಅನ್ನಬೇಕು. ಯಾಕೆಂದರೆ ಅಲ್ಲಿ ದಾರಿಯ ಉದ್ದವನ್ನು ಮಾತ್ರ ಲೆಕ್ಕ ಹಿಡಿಯುವುದು 'ಜವ', ದಿಕ್ಕನ್ನೂ ಸೇರಿಸಿ ಹೇಳುವುದು 'ವೇಗ'. ಹುಡುಗ ಹೊರಟಲ್ಲಿಗೇ ಬಂದ, ಸ್ಥಾನ ಬದಲಾಗಲಿಲ್ಲ, ಆದ್ದರಿಂದ ವೇಗ ಸೊನ್ನೆ. ಜವ ಸೆಕೆಂಡಿಗೆ 4 ಮೀಟರ್. ಮಲೆಯಾಳದ ವಿಜ್ಞಾನದಲ್ಲಿ ಇದು ತಿರುಗುಮುರುಗು. ನಾವು 'ಜವ' ಅನ್ನುವುದು ಅಲ್ಲಿ 'ವೇಗಂ', ನಾವು 'ವೇಗ' ಅನ್ನುವುದು ಅಲ್ಲಿ 'ಪ್ರವೇಗಂ'. ಅಲ್ಲಿ ಇದೇ ಪ್ರಶ್ನೆಗೆ ಉತ್ತರ 4.

ಎರಡೂ ಸಂಸ್ಕೃತದ ಒಂದೇ ಪದ. ಅಪರಿಚಿತ ಪದವಾದರೆ ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಪರಿಚಿತ ಪದವಾದರೆ ಕೇಳುವುದಿಲ್ಲ, ಗೊತ್ತುಂಟು ಅಂತ ಮುಂದೆ ಹೋಗುತ್ತೇವೆ. ನನಗೆ ಆದದ್ದು ಅದು. ನಮ್ಮಲ್ಲಿ ಕೇರಳ ಪಠ್ಯಕ್ರಮಕ್ಕೆ ಕನ್ನಡದಲ್ಲಿ ಗೈಡು ಸಿಗುವುದು ಕಷ್ಟ. ಮಂಗಳೂರಿನಿಂದ ತಂದ ಕರ್ನಾಟಕದ ಗೈಡನ್ನೇ ನಾವು ಓದುತ್ತಿದ್ದೆವು. ಪಾಠ ಮಾಡುತ್ತಿದ್ದ ಸರ್ ಮಲೆಯಾಳಿ. ತುಂಬ ಒಳ್ಳೆಯವರು, ನಮಗಾಗಿ ಕಷ್ಟಪಟ್ಟು ಕನ್ನಡ ಕಲಿಯುತ್ತಿದ್ದರು. ಅವರು 'ವೇಗ' ಅಂದಾಗ ಒಂದು ಅರ್ಥ, ನನ್ನ ಗೈಡಿನಲ್ಲಿ ಇನ್ನೊಂದು ಅರ್ಥ. ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪದಗಳು ಬಂದಾಗ ಈ ಗೊಂದಲದ ಮೇಲೆಯೇ ಅವನ್ನು ಕೂರಿಸಿಕೊಂಡೆ.

ಗಡಿಯ ಉಳಿದ ಭಾಷೆಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ. ತಮಿಳಿನಲ್ಲಿ ಜವಕ್ಕೆ 'ವೇಗಂ', ವೇಗಕ್ಕೆ 'ತಿಸೈವೇಗಂ'. ತಿಸೈ ಅಂದರೆ ದಿಕ್ಕು, ಎಷ್ಟು ಸ್ಪಷ್ಟವಾದ ಪದ ನೋಡಿ. ಮರಾಠಿಯಲ್ಲಿ ಜವಕ್ಕೆ 'ಚಾಲ್', ವೇಗಕ್ಕೆ 'ವೇಗ'. ತೆಲುಗಿನಲ್ಲಿ 'ವಡಿ' ಮತ್ತು 'ವೇಗಂ'. ಅಂದರೆ ಈ ಪದದ ಮಟ್ಟಿಗೆ ಕನ್ನಡ, ತೆಲುಗು, ಮರಾಠಿ ಒಂದು ಕಡೆ. ಮಲೆಯಾಳ, ತಮಿಳು ಇನ್ನೊಂದು ಕಡೆ.

ಬೆಳಕಿನ ಪಾಠದಲ್ಲಿ ಗುಂಪು ಬದಲಾಗುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಬಾಗುವುದು ಕನ್ನಡದಲ್ಲಿ 'ವಕ್ರೀಭವನ', ತೆಲುಗಿನಲ್ಲಿಯೂ 'ವಕ್ರೀಭವನಂ'. ಮಲೆಯಾಳದಲ್ಲಿ 'ಅಪವರ್ತನಂ', ಮರಾಠಿಯಲ್ಲಿ 'ಅಪವರ್ತನ'. ನಮ್ಮ ಗಣಿತದಲ್ಲಿ 'ಅಪವರ್ತನ' ಎಂದರೇನು? 12ರ ಅಪವರ್ತನಗಳು 1, 2, 3, 4, 6, 12. ಬೆಳಕಿನ ಪಾಠದಲ್ಲಿ ಈ ಪದ ಕಿವಿಗೆ ಬಿದ್ದಾಗ, ಇಲ್ಲಿ ಯಾವ ಸಂಖ್ಯೆಯನ್ನು ಭಾಗಿಸುವುದು ಅಂತ ನಾನು ನಿಜವಾಗಿ ಯೋಚಿಸಿದ್ದೇನೆ. ಈಗ ನಗು ಬರುತ್ತದೆ.

4. ಜತ್ತದ ಗೆಳೆಯನ 'ಶಕ್ತಿ'

ಎರಡನೇ ಉದಾಹರಣೆ ನನ್ನ ಜತೆ ಓದುವ ಗೆಳೆಯನದು. ಅವನು ಜತ್ತ ತಾಲೂಕಿನವನು, ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಹತ್ತನೆಯವರೆಗೆ ಅವನದೂ ಕನ್ನಡ ಮಾಧ್ಯಮ. ಮಹಾರಾಷ್ಟ್ರದ ಹತ್ತನೆಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಎರಡು ಭಾಗ, ತಲಾ 40 ಅಂಕ, ಜತೆಗೆ ಒಳ ಮೌಲ್ಯಮಾಪನ 20. ನೂರಕ್ಕೆ 35 ಬೇಕು. ಇವನು ಸ್ವಲ್ಪದರಲ್ಲಿ ಬಿದ್ದ. ಎಟಿಕೆಟಿ ಮೇಲೆ ಕಾಲೇಜಿಗೆ ಸೇರಿದ. ಬಿದ್ದ ವಿಜ್ಞಾನಕ್ಕೆ ಊರಿನಲ್ಲಿ ಕನ್ನಡದಲ್ಲಿ ಪಾಠ ಹೇಳುವವರು ಇರಲಿಲ್ಲ, ಪಟ್ಟಣದ ಮರಾಠಿ ಕ್ಲಾಸಿಗೆ ಹೋದ. ಓದಿದ್ದು ಮರಾಠಿಯಲ್ಲಿ, ಉತ್ತರ ಬರೆಯಬೇಕಾದದ್ದು ಕನ್ನಡದಲ್ಲಿ.

ಕನ್ನಡದಲ್ಲಿ ಕೆಲಸ ಮಾಡುವ ಕಸುವಿಗೆ 'ಶಕ್ತಿ' ಅನ್ನುತ್ತೇವೆ, ಅದರ ಮಾನ ಜೂಲ್. ಒಂದು ಸೆಕೆಂಡಿಗೆ ಎಷ್ಟು ಕೆಲಸ ಆಯಿತು ಎಂಬುದು 'ಸಾಮರ್ಥ್ಯ', ಅದರ ಮಾನ ವ್ಯಾಟ್. ಮರಾಠಿಯಲ್ಲಿ ಮೊದಲನೆಯದು 'ಊರ್ಜಾ', ಎರಡನೆಯದು 'ಶಕ್ತಿ'. ಅಂದರೆ ಕನ್ನಡದ 'ಶಕ್ತಿ' ಒಂದು, ಮರಾಠಿಯ 'ಶಕ್ತಿ' ಇನ್ನೊಂದು. ಕರೆಂಟ್ ಬಿಲ್ಲಿನ ಉದಾಹರಣೆ ತೆಗೆದುಕೊಳ್ಳಿ. 1000 ವ್ಯಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್. ಇದರಲ್ಲಿ 1000 ವ್ಯಾಟ್ ಎಂಬುದು ಕನ್ನಡದಲ್ಲಿ ಸಾಮರ್ಥ್ಯ, 36 ಲಕ್ಷ ಜೂಲ್ ಶಕ್ತಿ. ನಮ್ಮ ಗೆಳೆಯ ಮೊದಲನೇ ಮರುಪರೀಕ್ಷೆಯಲ್ಲಿ ಮರಾಠಿ ಕ್ಲಾಸಿನ ನೋಟ್ಸ್ ನೆನಪಿಟ್ಟುಕೊಂಡು 'ಹೀಟರಿನ ಶಕ್ತಿ 1000' ಅಂತ ಬರೆದು, ಆ ಸಂಖ್ಯೆಯನ್ನೇ ಸೂತ್ರದಲ್ಲಿ ಹಾಕಿದ. ಆ ಸಲವೂ ಬಿದ್ದ. ಅವನ ಮಾತಿನಲ್ಲೇ ಹೇಳುವುದಾದರೆ, "ನನಗ ಲೆಕ್ಕ ಬರತಿತ್ತು, ಆದ್ರ ಯಾವ ಶಕ್ತಿ ಕೇಳ್ಯಾರಂತ ತಿಳೀಲಿಲ್ಲ."

ಎರಡನೇ ಸಲ ಅವನು ಮಾಡಿದ್ದು ಒಂದೇ ಕೆಲಸ. ಹತ್ತನೆಯ ಕನ್ನಡ ಪುಸ್ತಕವನ್ನೂ ಮರಾಠಿ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು, ಪಾಠಕ್ಕೆ ಪಾಠ ಹೊಂದಿಸಿ, ದಪ್ಪ ಅಕ್ಷರದ ಪದಗಳನ್ನು ಎರಡು ಸಾಲಾಗಿ ಬರೆದುಕೊಂಡ. ಪಾಸಾದ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮಡಕಶಿರಾ, ಆದೋನಿ ಕಡೆಯ ಕನ್ನಡ ಹುಡುಗನಿಗೆ ಈ ಪಾಠದಲ್ಲಿ ಇಷ್ಟು ತೊಂದರೆ ಬರಲಾರದು. ತೆಲುಗಿನಲ್ಲಿಯೂ 'ಶಕ್ತಿ', 'ಸಾಮರ್ಥ್ಯಂ', 'ದ್ರವ್ಯರಾಶಿ' ನಮ್ಮ ಹಾಗೆಯೇ. ತಾಳವಾಡಿ, ಹೊಸೂರಿನ ಹುಡುಗನಿಗೆ ತಮಿಳಿನ 'ಆಟ್ರಲ್', 'ತಿರನ್' ಪೂರ್ತಿ ಹೊಸ ಪದಗಳು. ಕಷ್ಟ, ಆದರೆ ಮೋಸ ಮಾಡುವುದಿಲ್ಲ. ಮೋಸ ಮಾಡುವುದು ನೋಡಲು ನಮ್ಮದರಂತೆಯೇ ಇದ್ದು ಅರ್ಥ ಬೇರೆಯಾದ ಪದ. ಗಡಿಯ ಸಮಸ್ಯೆ ಎಲ್ಲ ಕಡೆ ಒಂದೇ ರೀತಿ ಅಂತ ನಾವು ಮಾತಾಡುತ್ತೇವೆ. ಪರಿಭಾಷೆಯ ವಿಷಯದಲ್ಲಿ ಒಂದೊಂದು ಗಡಿ ಒಂದೊಂದು ಥರ.

5. ಕಳೆದುಹೋದ 46 ಅಂಕದ ಲೆಕ್ಕ

ಎಲ್ಲ ತಪ್ಪನ್ನೂ ಭಾಷೆಯ ಮೇಲೆ ಹಾಕಿದರೆ ಅದು ಪ್ರಾಮಾಣಿಕವಾಗುವುದಿಲ್ಲ. ನಮ್ಮ ನೆರೆಮನೆಯಲ್ಲಿ ನಿವೃತ್ತ ಮಾಸ್ಟ್ರೊಬ್ಬರಿದ್ದರು. ಅವರು, "ಮೊದಲು ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸು, ಮತ್ತೆ ಓದುವಾ" ಅಂದರು. ಅರ್ಜಿ ಹಾಕಿ ಹಣ ಕಟ್ಟಿದರೆ ಪ್ರತಿ ಕೊಡುತ್ತಾರೆ. ಪ್ರತಿ ಬಂದ ಮೇಲೆ ಇಬ್ಬರೂ ಕೂತು ಹೋದ 46 ಅಂಕವನ್ನು ಮೂರು ರಾಶಿ ಮಾಡಿದೆವು.

ಪ್ರಶ್ನೆ ಅಥವಾ ಪದ ತಪ್ಪಾಗಿ ಅರ್ಥವಾಗಿ ಹೋದದ್ದು 17. ವಿಷಯ ಗೊತ್ತಿದ್ದೂ ಗಣಿತ ಬಾರದೆ ಹೋದದ್ದು 16. ಸದಿಶ ಮತ್ತು ತ್ರಿಕೋನಮಿತಿ ನನಗೆ ಸರಿ ಬರುತ್ತಿರಲಿಲ್ಲ. ಓದದೇ ಬಿಟ್ಟ ಪಾಠಗಳಿಂದ ಹೋದದ್ದು 13. ಈ ಮೂರಕ್ಕೂ ಮದ್ದು ಬೇರೆ ಬೇರೆ. ಮೂರನೆಯದಕ್ಕೆ ಓದಬೇಕು, ಎರಡನೆಯದಕ್ಕೆ ಲೆಕ್ಕ ಮಾಡಬೇಕು, ಮೊದಲನೆಯದಕ್ಕೆ ಪದಗಳ ಪಟ್ಟಿ ಬೇಕು. ಹೆಚ್ಚಿನವರು ಮರುಪರೀಕ್ಷೆಗೆ ಮೊದಲಿನಿಂದ ಕೊನೆಯವರೆಗೆ ಅದೇ ಪುಸ್ತಕವನ್ನು ಅದೇ ರೀತಿ ಇನ್ನೊಂದು ಸಲ ಓದುತ್ತಾರೆ. ಅದರಿಂದ ಮೂರನೇ ರಾಶಿ ಮಾತ್ರ ಕರಗುತ್ತದೆ.

ಮಾಸ್ಟ್ರು ಹೇಳಿದಂತೆ ಒಂದು ನೋಟುಬುಕ್ಕಿನಲ್ಲಿ ನಾಲ್ಕು ಕಂಬ ಎಳೆದೆ: ಇಂಗ್ಲಿಷ್ ಪದ, ಕನ್ನಡ ಪದ, ಮಲೆಯಾಳ ಪದ, ಕೊನೆಯದರಲ್ಲಿ ನನ್ನ ಮಾತಿನಲ್ಲಿ ಅರ್ಥ, ಒಂದು ಸಣ್ಣ ಉದಾಹರಣೆ, ಮಾನ. ಮಾನ ಬರೆಯುವುದು ಮುಖ್ಯ. ಪದ ಮೋಸ ಮಾಡಿದರೂ ಜೂಲ್, ವ್ಯಾಟ್, ನ್ಯೂಟನ್ ಯಾವ ಭಾಷೆಯಲ್ಲಿಯೂ ಬದಲಾಗುವುದಿಲ್ಲ, ಅದನ್ನು ಹಿಡಿದು ಅರ್ಥಕ್ಕೆ ಹೋಗಬಹುದು. ಕೊನೆಯ ಕಂಬ ತುಂಬಲು ಆಗದ ಪದವೇ ನನಗೆ ಬಾರದ ವಿಜ್ಞಾನ. ಉಳಿದದ್ದು ಬರೀ ಹೆಸರಿನ ಗೊಂದಲ. ಇಂಪ್ರೂವ್‌ಮೆಂಟ್‌ನಲ್ಲಿ 31 ಬಂತು. ದೊಡ್ಡ ಅಂಕ ಏನಲ್ಲ. ಆದರೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

6. ಕನ್ನಡ ವಿಭಾಗಕ್ಕೆ ಇದರಲ್ಲೇನು ಕೆಲಸ

ನಾನು ಆಮೇಲೆ ಬಿಎಗೆ ಬಂದೆ, ಈಗ ಎಂಎ ಕನ್ನಡ. ಸಯನ್ಸ್ ಆಗದವರು ಕನ್ನಡಕ್ಕೆ ಹೋಗುತ್ತಾರೆ ಎಂಬ ಮಾತನ್ನು ಇಲ್ಲಿರುವ ಹಲವರು ಕೇಳಿರುತ್ತೀರಿ. ನನಗೂ ಹೇಳಿದ್ದಾರೆ. ಆದರೆ ಆ ನೋಟುಬುಕ್ಕು ಬರೆಯುವಾಗ ನಾನು ಮಾಡಿದ್ದು ಕನ್ನಡದ ಕೆಲಸವೇ ಆಗಿತ್ತು ಅಂತ ಇಲ್ಲಿಗೆ ಬಂದ ಮೇಲೆ ತಿಳಿಯಿತು.

ನಮ್ಮ ಹಿರಿಯರು ಇದನ್ನು ಬೇರೆಯಾಗಿ ನೋಡಿರಲಿಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಕಾದಂಬರಿ ಬರೆದ ಶಿವರಾಮ ಕಾರಂತರೇ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಹೊಸ ವಿಷಯಕ್ಕೆ ಕನ್ನಡ ಪದ ಹುಡುಕುವುದು ಅವರ ಕಾಲದ ಕೆಲಸವಾಗಿತ್ತು. ಗಡಿಯಾಚೆ ನಮಗಿರುವ ಕೆಲಸ ಇನ್ನೊಂದು: ಇರುವ ಕನ್ನಡ ಪದ ಪಕ್ಕದ ಭಾಷೆಯ ಪದದ ಜತೆ ಎಲ್ಲಿ ಕೂಡುತ್ತದೆ, ಎಲ್ಲಿ ತಾಗುತ್ತದೆ ಅಂತ ತೋರಿಸುವುದು.

ನನ್ನ ಸಲಹೆ ಸಣ್ಣದು. ಎಂಟರಿಂದ ಹತ್ತರವರೆಗಿನ ವಿಜ್ಞಾನದ ಮುಖ್ಯ ಪದಗಳನ್ನು ತೆಗೆದುಕೊಂಡು ಗಡಿಗೊಂದರಂತೆ ಪಟ್ಟಿ ಮಾಡೋಣ: ಕನ್ನಡ-ಮಲೆಯಾಳ, ಕನ್ನಡ-ಮರಾಠಿ, ಕನ್ನಡ-ತಮಿಳು, ಕನ್ನಡ-ತೆಲುಗು. ಒಂದೇ ರೂಪ ಇದ್ದು ಅರ್ಥ ಬೇರೆಯಾಗುವ ಪದಗಳಿಗೆ ಪ್ರತ್ಯೇಕ ಗುರುತು ಹಾಕೋಣ. ಪ್ರತಿ ಪದಕ್ಕೂ ಮಾನ ಮತ್ತು ಒಂದು ಉದಾಹರಣೆ ಇರಲಿ. ಆಯಾ ಗಡಿಯಿಂದ ಬಂದ ವಿದ್ಯಾರ್ಥಿಗಳು ಪ್ರತಿ ವಿಭಾಗದಲ್ಲಿಯೂ ಇದ್ದೇವೆ. ಎರಡು ಭಾಷೆಯ ಶಾಲಾ ಪುಸ್ತಕ ನಮ್ಮ ಕೈಯಲ್ಲೇ ಉಂಟು. ವಿಜ್ಞಾನ ಅಧ್ಯಾಪಕರೊಬ್ಬರು ನೋಡಿ ಸರಿ ಮಾಡಿಕೊಟ್ಟರೆ ಸಾಕು. ಇದು ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರವಲ್ಲ, ಕನ್ನಡ ಕಲಿಯುತ್ತಾ ಪಾಠ ಮಾಡುವ ಅನ್ಯಭಾಷೆಯ ಶಿಕ್ಷಕರಿಗೂ ಬೇಕು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಬಾರದು ಎಂಬ ಕಾಸರಗೋಡಿನ ಬೇಡಿಕೆ ನ್ಯಾಯವಾದದ್ದು, ಅದು ನಡೆಯಲಿ. ಅದು ಈಡೇರುವವರೆಗೆ ಈ ವರ್ಷ ಪರೀಕ್ಷೆ ಬರೆಯುವ ಮಗು ಕಾಯಲು ಆಗುವುದಿಲ್ಲ.

ಚರ್ಚೆಯಿಂದ

ಚರ್ಚೆಯಲ್ಲಿ ಅಧ್ಯಾಪಕರೊಬ್ಬರು ಕೇಳಿದರು: ಮೊದಲಿನಿಂದಲೇ ಇಂಗ್ಲಿಷ್ ಪದಗಳನ್ನೇ ಕಲಿಸಿಬಿಟ್ಟರೆ ಈ ತೊಂದರೆಯೇ ಇರುವುದಿಲ್ಲವಲ್ಲ?

ಉತ್ತರ: ಸರ್, ಇಂಗ್ಲಿಷ್ ಪದ ಜತೆಯಲ್ಲಿ ಇರಲೇಬೇಕು, ನನ್ನ ಪಟ್ಟಿಯ ಮೊದಲ ಕಂಬವೇ ಅದು. ಆದರೆ ನನ್ನ ತಮ್ಮನನ್ನು ನೋಡಿ ಹೇಳುತ್ತೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಅವನಿಗೆ ಪದಗಳು ಬಂದವು. ಕೊನೆಯ ಕಂಬ, ಅಂದರೆ ಸ್ವಂತ ಮಾತಿನಲ್ಲಿ ಅರ್ಥ, ಅದನ್ನು ತುಂಬಿಸಲು ಅವನು ಈಗಲೂ ಸಂಜೆ ನನ್ನ ಹತ್ತಿರ ಬಂದು ಕೂರುತ್ತಾನೆ. ಆಗ ನಾವು ಮಾತಾಡುವುದು ಕನ್ನಡದಲ್ಲೇ.

ಇನ್ನೊಬ್ಬರು ಚಾಟ್‌ನಲ್ಲಿ ಆ ನೋಟುಬುಕ್ಕು ಈಗ ಎಲ್ಲಿದೆ ಅಂತ ಕೇಳಿದ್ದಾರೆ. ಅವನ ಹತ್ತಿರ ಇದೆ. ಅವನು ಇನ್ನೂ ಪದಗಳನ್ನು ಸೇರಿಸುತ್ತಿದ್ದಾನೆ. ಪಟ್ಟಿ ಮಾಡುವ ಕೆಲಸಕ್ಕೆ ಯಾರಾದರೂ ಬರುವುದಾದರೆ ಅಲ್ಲಿಂದಲೇ ಶುರು ಮಾಡಬಹುದು.